ವಿಮಾನದಲ್ಲಿ ಗಿಡ್ಡಮ್ಮ ಕೂಗಿದ್ದು

ಗಿಡ್ಡಮ್ಮನ ಬಾಯಿ ಮುಚ್ಚಿಸಿದವರು ನಮ್ಮೂರು ಸಂಸೆಯಲ್ಲಿ ಯಾರೂ ಇರಲಿಲ್ಲ. ಗಂಡ ಗುರುವಯ್ಯನಿಂದ ಆಗಲಿಲ್ಲ, ಎಸ್ಟೇಟಿನ ಮೇಸ್ತ್ರಿಯಿಂದಲೂ ಆಗಲಿಲ್ಲ. ಕೊನೆಗೆ ಅದನ್ನು ಮಾಡಿದವಳು ಅವಳ ಮಗಳ ಮಗಳು ಧನ್ಯಶ್ರೀ. ಅದೂ ಫೋನಿನಲ್ಲಿ. ನಾವು ಮೂವರು ಹೆಂಗಸರು ಆವಾಗ ಬೆಂಗಳೂರಿನಲ್ಲಿದ್ದೆವು. ನನ್ನ ತಮ್ಮನ ಮಗನ ಮದುವೆ ಮುಗಿದು, ಛತ್ರದ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಗಿಡ್ಡಮ್ಮ, ರುಕ್ಮಿಣಮ್ಮ, ನಾನು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು.

"ಅಜ್ಜಿ, ಸ್ಪೀಕರ್ ಹಾಕು. ಚಿಕ್ಕಜ್ಜಿ, ರುಕ್ಮಿಣಜ್ಜಿ, ನೀವೂ ಕೇಳಿಸ್ಕಳಿ. ನಾಳೆ ವಿಮಾನದಲ್ಲಿ ನಾನು ನಿಮಗೆ ಯಾರೂ ಅಲ್ಲ." ಚಿಕ್ಕಜ್ಜಿ ಎಂದು ಅವಳು ಕರೆಯುವುದು ನನ್ನನ್ನು.

"ಯಾರೂ ಅಲ್ಲ ಅಂದ್ರೆ ಎಂತದೇ ಹುಡುಗಿ?"

"ಗುರ್ತಿಲ್ಲ. ಹಿಂದೆ ನೋಡೇ ಇಲ್ಲ. ನಂಗೆ ನಾಳೆನೇ ಪರೀಕ್ಷೆ ಹಾಕಿದಾರೆ."

ಧನ್ಯಶ್ರೀ ವಿಮಾನದಲ್ಲಿ ಜನರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಯಾವುದೋ ಒಂದು ದಿನ ಮೇಲಿನ ಮೇಡಂ ಒಬ್ಬರು ಜೊತೆಗೆ ಬಂದು, ಜನ ಹತ್ತುವಾಗಿನಿಂದ ಇಳಿಯುವವರೆಗೆ ಅವಳು ನಿಂತದ್ದು, ಕೂತದ್ದು, ಮಾತಾಡಿದ್ದು ಎಲ್ಲ ನೋಡುತ್ತಾರಂತೆ. ಅವರು ಒಪ್ಪಿದರೆ ಕೆಲಸ ಗಟ್ಟಿ. ಒಪ್ಪದಿದ್ದರೆ ಮನೆಗೆ. ಮದುವೆ ಮುಗಿಸಿ ವಾಪಸ್ ಬರುವಾಗ ನೀವು ಮೂವರೂ ನನ್ನ ವಿಮಾನದಲ್ಲೇ ಮಂಗಳೂರಿಗೆ ಬರಬೇಕು ಎಂದು ಹಟ ಮಾಡಿ ಟಿಕೆಟ್ ಮಾಡಿಸಿದ್ದವಳು ಅವಳೇ. ಆ ಪರೀಕ್ಷೆ ಸರಿಯಾಗಿ ಅದೇ ದಿನಕ್ಕೆ ಬಿದ್ದಿತ್ತು.

"ಮನೆಯವರು ಕೂತಿದಾರೆ ಅಂತ ಗೊತ್ತಾದ್ರೆ, ಇವಳು ಅವ್ರನ್ನೇ ನೋಡ್ಕಂತಾ ಇದ್ಳು ಅಂತಾರೆ ಅಜ್ಜಿ."

"ಹಂಗಾದ್ರೆ ನಾವು ಬಸ್ಸಲ್ಲೇ ಹೋಗ್ತೀವಿ ಬಿಡು."

"ಬ್ಯಾಡ. ನೀನು ಒಂದ್ಸಲ ನನ್ನ ವಿಮಾನದಲ್ಲಿ ಕೂರ್ಬೇಕು. ಬಾಯಿ ಮಾತ್ರ ತೆಗೀಬ್ಯಾಡ. ನನ್ನ ಹೆಸ್ರು ಕರೀಬ್ಯಾಡ, ಮಗಾ ಅನ್ಬ್ಯಾಡ."

"ಕಳಸೇಶ್ವರನಾಣೆ, ತೆಗೆಯಲ್ಲ" ಎಂದಳು ಗಿಡ್ಡಮ್ಮ.

ರುಕ್ಮಿಣಮ್ಮ ನನ್ನ ಮೊಣಕೈ ತಿವಿದಳು. "ದೇವ್ರನ್ನ ಎಂತಕ್ಕೆ ಸಿಕ್ಕಿಸಿ ಹಾಕ್ತಾಳೆ ಮಾರಾಯ್ತಿ ಇವಳು, ಪಾಪ."

ಗಿಡ್ಡಮ್ಮನಿಗೆ ಬಾಯಿ ತೆಗೆಯದೆ ಕೂರುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಗುರುವಯ್ಯನ ಜೀಪಿನ ಕಾಲಕ್ಕೆ ಹೋಗಬೇಕು.

ಆಗ ಕುದುರೆಮುಖದಲ್ಲಿ ಅದಿರಿನ ಕಂಪನಿ ಭರ್ಜರಿಯಾಗಿ ನಡೆಯುತ್ತಿತ್ತು. ರಾತ್ರಿ ನಮ್ಮ ಗುಡ್ಡದ ಮೇಲೆ ನಿಂತರೆ ಆ ಕಡೆ ಮೋಡವೆಲ್ಲ ಹಳದಿಯಾಗಿ ಕಾಣುತ್ತಿತ್ತು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಯಾವ್ಯಾವ ದೇಶದ ಭಾಷೆಯವರೋ ಇದ್ದರು. ಎಲ್ಲರಿಗೂ ಸೊಪ್ಪು ಬೇಕು, ಸೌತೆಕಾಯಿ ಬೇಕು, ಬಾಳೆಹೂವು ಬೇಕು. ನಾವು ಹೆಂಗಸರು ಎಸ್ಟೇಟಿನಲ್ಲಿ ಕೆಲಸವಿಲ್ಲದ ದಿನ ಹಿತ್ತಲಲ್ಲಿ ಬೆಳೆದದ್ದನ್ನು ಬುಟ್ಟಿಗೆ ತುಂಬಿಕೊಂಡು ಗುರುವಯ್ಯನ ಜೀಪು ಹತ್ತುತ್ತಿದ್ದೆವು. ಒಳಗೆ ಹೆಂಗಸರು, ಬುಟ್ಟಿಗಳು, ಒಂದೆರಡು ಕೋಳಿ. ಹಿಂದೆ ಜೋತುಬಿದ್ದುಕೊಂಡು ಗಂಡಸರು. ಒಬ್ಬರ ಮೊಣಕಾಲು ಇನ್ನೊಬ್ಬರ ಹೊಟ್ಟೆಯಲ್ಲಿ.

ನಮ್ಮ ಮೇಲಿನಕೇರಿಯಿಂದ ಡಾಂಬರು ರಸ್ತೆಗೆ ಇಳಿಯಲು ಒಂದು ಮಣ್ಣಿನ ದಾರಿ. ಅದರಲ್ಲಿ ಕೋಳಿಕಲ್ಲು ಎಂಬ ಕಡೆ ದಾರಿಯೇ ಓರೆಯಾಗಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಬೆಣ್ಣೆಯ ಹಾಗೆ. ಜೀಪು ಅಲ್ಲಿಗೆ ಬಂತೆಂದರೆ ಹಿಂದಿನ ಚಕ್ರ ಮೆಲ್ಲಗೆ ಹಳ್ಳದ ಕಡೆ ಜಾರುತ್ತಿತ್ತು. ಆವಾಗ ಒಳಗಿದ್ದವರೆಲ್ಲ ಒಟ್ಟಿಗೆ ಗುಡ್ಡದ ಕಡೆ ವಾಲಬೇಕು. ಭಾರ ಆ ಕಡೆ ಬಿದ್ದರೆ ಚಕ್ರ ಕಚ್ಚುತ್ತದೆ. ಒಬ್ಬರು ಮುಂಚೆ, ಒಬ್ಬರು ಆಮೇಲೆ ವಾಲಿದರೆ ಪ್ರಯೋಜನವಿಲ್ಲ. ಅದಕ್ಕೆ ಒಬ್ಬರು ಕೂಗಬೇಕು.

ಗಿಡ್ಡಮ್ಮ ಮದುವೆಯಾಗಿ ಬಂದ ಮೊದಲನೇ ಮಳೆಗಾಲದಲ್ಲೇ ಆ ಕೆಲಸ ಅವಳದಾಯಿತು. ಹೊಸ ಮದುವಣಗಿತ್ತಿ, ಸೆರಗು ತಲೆ ಮೇಲೆ, ಬಾಗಿಲ ಪಕ್ಕ ಮುದುರಿಕೊಂಡು ಕೂತಿದ್ದವಳು ಚಕ್ರ ಜಾರಿದ್ದನ್ನು ಎಲ್ಲರಿಗಿಂತ ಮೊದಲು ನೋಡಿ "ಗುಡ್ಡಕ್ಕೇ!" ಎಂದು ಕೂಗಿದಳು. ಅಬ್ಬಾ, ಆ ಕೂಗು! ನಾವು ಯಾರು ಕೂಗಿದ್ದೆಂದು ನೋಡಲೇ ಇಲ್ಲ, ಎಲ್ಲರೂ ವಾಲಿಬಿಟ್ಟಿದ್ದೆವು. ಜೀಪು ಕಚ್ಚಿಕೊಂಡು ಮೇಲೆ ಬಂತು. ಅತ್ತೆಗೆ ಮಾತ್ರ ಸಿಟ್ಟು. "ಬಂದು ತಿಂಗಳಾಗಿಲ್ಲ, ಗಂಡನ ಗಾಡೀಲಿ ಗಂಟ್ಲು ಹರ್ಕಳ್ತಾಳೆ" ಎಂದಳು. ಗುರುವಯ್ಯ ಸ್ಟೇರಿಂಗ್ ಬಿಡದೆ, ಹಿಂದೆ ತಿರುಗದೆ, "ಅಮ್ಮಾ, ಇನ್ಮೇಲೆ ಅವಳೇ ಕೂಗ್ಲಿ. ದಾರಿ ನಾನು ನೋಡ್ತೀನಿ, ಚಕ್ರ ಅವಳು ನೋಡ್ಲಿ" ಎಂದ.

ಅಂದಿನಿಂದ ಹಾಗೆಯೇ ನಡೆಯಿತು. ಕೋಳಿಕಲ್ಲು ಹತ್ತಿರ ಬಂದರೆ ಜೀಪಿನೊಳಗೆ ಮಾತು ತಾನಾಗಿ ನಿಲ್ಲುತ್ತಿತ್ತು. ಹೊಸಬರು ಯಾರಾದರೂ ಗೊತ್ತಿಲ್ಲದೆ ನೆಟ್ಟಗೆ ಕೂತಿದ್ದರೆ ಪಕ್ಕದವರು ಅಂಗಿ ಹಿಡಿದು ಎಳೆಯುತ್ತಿದ್ದರು. ಒಮ್ಮೆ ಎಸ್ಟೇಟಿಗೆ ಹೊಸದಾಗಿ ಬಂದ ಲೆಕ್ಕ ಬರೆಯುವ ರೈಟರು, ಬಿಳಿ ಪ್ಯಾಂಟಿನವರು, ಗಾಬರಿಯಲ್ಲಿ ಹಳ್ಳದ ಕಡೆ ವಾಲಿ ರುಕ್ಮಿಣಮ್ಮನ ಮೊಟ್ಟೆ ಬುಟ್ಟಿಯಲ್ಲಿ ಕೂತುಬಿಟ್ಟರು. "ಕಾವು ಕೊಡ್ತೀರಾ ಸ್ವಾಮಿ?" ಎಂದು ಅವಳು ಕೇಳಿದ್ದಕ್ಕೆ ಡಾಂಬರು ರಸ್ತೆ ಸಿಗುವವರೆಗೂ ಜೀಪಿನಲ್ಲಿ ನಗು ನಿಲ್ಲಲಿಲ್ಲ. ಕೋಳಿಕಲ್ಲು ದಾಟಿದ ಮೇಲಿನ ಆ ನಗು ಇದೆಯಲ್ಲ, ಒದ್ದೆ ಟಾರ್ಪಾಲಿನ ವಾಸನೆ, ಬಾಳೆಹೂವಿನ ವಾಸನೆ, ಎಲ್ಲರ ಎದೆಯೂ ಒಟ್ಟಿಗೆ ಹಗುರಾಗುವುದು, ಆ ಸುಖ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಗಣಿ ನಿಂತಿತು. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಸೊಪ್ಪು ಕೊಳ್ಳುವವರೇ ಇಲ್ಲದ ಮೇಲೆ ಜೀಪು ಹತ್ತುವವರೂ ಇಲ್ಲ. ಗುರುವಯ್ಯ ಜೀಪು ಮಾರಿದ, ಕೆಲವು ವರ್ಷಕ್ಕೆ ತಾನೂ ಹೋದ. ಕೋಳಿಕಲ್ಲಿಗೆ ಈಗ ಕಾಂಕ್ರೀಟು ಹಾಕಿದ್ದಾರೆ. ಗಿಡ್ಡಮ್ಮ ಮಗಳು ಪ್ರೇಮಲತಾ, ಅಳಿಯ ಯೋಗೇಶನ ಜೊತೆ ಇದ್ದುಕೊಂಡು ಮೊಮ್ಮಗಳನ್ನು ಬೆಳೆಸಿದಳು. ಆ ಹುಡುಗಿ ಕಳಸದಲ್ಲಿ ಪಿಯುಸಿ ಮುಗಿಸಿ, ವಿಮಾನದ ಕೆಲಸ ಕಲಿಯುತ್ತೇನೆ ಎಂದಾಗ ಪ್ರೇಮಲತಾ ಊಟ ಬಿಟ್ಟಳು. ಅಪರಿಚಿತರಿಗೆ ನೀರು ಕೊಡುವ ಕೆಲಸಕ್ಕೆ ಅಷ್ಟು ದೂರ ಯಾಕೆ ಎಂದು ಅವಳ ವಾದ. ಗಿಡ್ಡಮ್ಮ ಒಪ್ಪಲಿಲ್ಲ. "ನೀನು ತಿಂದ ಅನ್ನ ಅಪರಿಚಿತರು ಜೀಪು ಹತ್ತಿದ್ದಕ್ಕೇ ಬಂದಿದ್ದು ಕಣೇ. ಹೋಗ್ಲಿ ಬಿಡು" ಎಂದಳು. ಹುಡುಗಿ ಹೋಗಿದ್ದು ಆ ಮಾತಿನ ಮೇಲೆ. ಹಾಗಾಗಿ ಆ ಪರೀಕ್ಷೆ ಧನ್ಯಶ್ರೀಗೆ ಎಷ್ಟು ದೊಡ್ಡದೋ ಗಿಡ್ಡಮ್ಮನಿಗೂ ಅಷ್ಟೇ ದೊಡ್ಡದಾಗಿತ್ತು.

ಮೃಗಶಿರ ಮಳೆ ಹಿಡಿದ ವಾರ ಅದು. ಬೆಂಗಳೂರಿನಲ್ಲಿ ಬಿಸಿಲಿತ್ತು. ರೆಕ್ಕೆಗೆ ಫ್ಯಾನು ಕಟ್ಟಿದ ಸಣ್ಣ ವಿಮಾನ. ಬಾಗಿಲಲ್ಲೇ ಧನ್ಯಶ್ರೀ ನಿಂತಿದ್ದಳು. ಕೂದಲು ಗಂಟು ಹಾಕಿ, ತುಟಿಗೆ ಬಣ್ಣ ಹಚ್ಚಿ, ಕೈ ಮುಗಿದು, "ನಮಸ್ಕಾರ, ಸ್ವಾಗತ" ಎಂದಳು. ಗಿಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ಕಲ್ಲು ದೇವರ ಮುಂದೆ ಹಾದು ಹೋದ ಹಾಗೆ ಹಾದು ಹೋದಳು.

ಗಿಡ್ಡಮ್ಮನಿಗೆ ಎಡಗಡೆ ಕಿಟಕಿ. ಪಕ್ಕದಲ್ಲಿ ನಾನು. ನಡುವಿನ ದಾರಿಯ ಆಚೆ ರುಕ್ಮಿಣಮ್ಮ, ಅವಳ ಆಚೆ ಬಲಗಡೆ ಕಿಟಕಿಯಲ್ಲಿ ಕನ್ನಡಕದ ಹಿರಿಯರೊಬ್ಬರು. ನಮ್ಮ ಮುಂದಿನ ಸೀಟಿನಲ್ಲೇ ಆ ಪರೀಕ್ಷೆಯ ಮೇಡಂ ಬಂದು ಕೂತರು. ನೀಲಿ ಕೋಟು, ಕುತ್ತಿಗೆಗೆ ಪಟ್ಟಿ, ಮುಖದಲ್ಲಿ ನಗು ಇಲ್ಲ. ರುಕ್ಮಿಣಮ್ಮ ನನಗೆ ಕಣ್ಣಲ್ಲೇ ತೋರಿಸಿ, "ಗಿಡ್ಡಮ್ಮನ ಅತ್ತೆ ಕಂಡ್ಹಾಗೆ ಕಾಣ್ತಾರೆ" ಎಂದು ಪಿಸುಗುಟ್ಟಿದಳು.

ಮೇಲೆ ಹೋದ ಮೇಲೆ ಧನ್ಯಶ್ರೀ ನೀರು ಹಿಡಿದು ಬಂದಳು.

"ನೀರು ಬೇಕಾ ಮೇಡಂ?" ಎಂದು ಅಜ್ಜಿಯನ್ನು ಕೇಳಿದಳು.

ಗಿಡ್ಡಮ್ಮ ಕಿಟಕಿ ಕಡೆ ತಿರುಗಿಬಿಟ್ಟಳು. ಅವಳ ಭುಜ ಕುಣಿಯುತ್ತಿತ್ತು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಹುಟ್ಟಿದಂದಿನಿಂದ ಅವಳ ಸೊಂಟದ ಮೇಲೆ ಬೆಳೆದ ಹುಡುಗಿ ಅವಳನ್ನು ಮೇಡಂ ಅನ್ನುತ್ತಿತ್ತು. ರುಕ್ಮಿಣಮ್ಮ ಮಾತ್ರ "ನಂಗೊಂದು ಕೊಡು ಮಗ..." ಎಂದು ಶುರುಮಾಡಿ, ಕೆಮ್ಮಿ, "...ಮೇಡಂ" ಎಂದು ಮುಗಿಸಿದಳು. ಮುಂದಿನ ಸೀಟಿನ ನೀಲಿ ಕೋಟು ಅಲ್ಲಾಡಲಿಲ್ಲ. ನಾನು ಉಸಿರು ಬಿಟ್ಟೆ.

ಘಟ್ಟ ಬಂದಾಗ ಬಿಸಿಲು ಹೋಯಿತು. ಕಿಟಕಿಯ ಹೊರಗೆ ಹತ್ತಿಯ ಹಾಗೆ ಇದ್ದ ಮೋಡ ಬೂದಿಯ ಹಾಗಾಯಿತು. ವಿಮಾನ ಒಮ್ಮೆ ಕುಸಿಯಿತು. ಹಿಂದೆ ಯಾರೋ "ಅಮ್ಮಾ" ಎಂದರು. ಕೂಸೊಂದು ಅಳತೊಡಗಿತು. ಧನ್ಯಶ್ರೀ ಎಲ್ಲರ ಬೆಲ್ಟು ನೋಡಿಕೊಂಡು ಹೋಗಿ, ಮುಂದೆ ನಮ್ಮ ಕಡೆ ಮುಖಮಾಡಿ ಕೂರುವ ಪುಟ್ಟ ಸೀಟಿನಲ್ಲಿ ಕೂತು ತಾನೂ ಕಟ್ಟಿಕೊಂಡಳು.

ಮಂಗಳೂರಿನ ವಿಮಾನ ನಿಲ್ದಾಣ ಗುಡ್ಡದ ಮೇಲಿದೆ. ಮೋಡ ಹರಿದು ಕೆಳಗೆ ತೆಂಗಿನ ತೋಟ ಕಂಡಿತು, ಮರಗಳ ಗರಿಯೆಲ್ಲ ಒಂದೇ ಕಡೆ ಬಾಚಿದ ಹಾಗೆ ಬಗ್ಗಿದ್ದವು. ಅಷ್ಟು ಗಾಳಿ. ವಿಮಾನ ನೆಟ್ಟಗೆ ಇಳಿಯಲಿಲ್ಲ, ಏಡಿಯ ಹಾಗೆ ಓರೆಯಾಗಿ ಇಳಿಯುತ್ತಿತ್ತು. ಕೆಂಪು ಮಣ್ಣು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಇನ್ನೇನು ಚಕ್ರ ಮುಟ್ಟಿತು ಅನ್ನುವಾಗ ಎರಡೂ ಫ್ಯಾನು ಒಮ್ಮೆಲೇ ಅಬ್ಬರಿಸಿ, ಮೂಗು ಎತ್ತಿಕೊಂಡು ವಿಮಾನ ಮತ್ತೆ ಮೇಲಕ್ಕೆ ಹಾರಿಬಿಟ್ಟಿತು.

ಕೂಗಾಟ ಎದ್ದಿತು. ಡ್ರೈವರು ಮೈಕಿನಲ್ಲಿ ಏನೋ ಹೇಳಿದರು. ಆಮೇಲೆ ಧನ್ಯಶ್ರೀ ಕನ್ನಡದಲ್ಲಿ, ಗಾಳಿ ಜೋರಾಗಿರುವುದರಿಂದ ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತೇವೆ, ಯಾರೂ ಸೀಟು ಬಿಡಬಾರದು ಎಂದಳು. ದನಿ ಒಂದು ಚೂರೂ ನಡುಗಲಿಲ್ಲ. ಗಿಡ್ಡಮ್ಮ ನನ್ನ ಕೈ ಹಿಸುಕಿದಳು.

"ನೋಡ್ದ್ಯೇನೇ, ಹೆಂಗೆ ಹೇಳ್ತು?"

"ಶ್!" ಎಂದೆ.

ಸಮುದ್ರದ ಮೇಲೆ ಸುತ್ತು ಹಾಕುವಾಗ ಸ್ವಲ್ಪ ಸಮಾಧಾನವಾಯಿತು. ಕನ್ನಡಕದ ಹಿರಿಯರಿಗೆ ಭಯಕ್ಕೆ ಮಾತು ಬಂತು. ಹೆಸರು ಶಾಂತವೀರಪ್ಪ, ಮಂಗಳೂರಿನಲ್ಲಿ ಮಗಳ ಮನೆ, ನಿಮ್ಮದು ಯಾವೂರು ಎಂದು ಕೇಳಿದರು. ರುಕ್ಮಿಣಮ್ಮ ಸಂಸೆ ಎಂದಳು.

"ಸಂಸೆನಾ? ನಾನು ಕುದುರೆಮುಖದಲ್ಲೇ ಇದ್ದವನು. ಕಂಪನೀಲಿ. ನಿಮ್ಮ ಕಡೆಯಿಂದ ಒಬ್ರು ಹೆಂಗಸು ಬಾಳೆಹೂವು ತರ್ತಿದ್ರು. ಬೀದಿ ತುದೀಲಿ ಕೂಗಿದ್ರೆ ನಮ್ಮನೆ ಒಳಗೆ ಕುಕ್ಕರ್ ಕೂಗಿದ್ದು ಕೇಳ್ತಿರ್ಲಿಲ್ಲ."

"ಅವಳೇ ಇವಳು" ಎಂದಳು ರುಕ್ಮಿಣಮ್ಮ.

ಶಾಂತವೀರಪ್ಪನವರು ಬಗ್ಗಿ ನೋಡಿದರು. ಭಯವೆಲ್ಲ ಮರೆತೇ ಹೋಯಿತು. "ಗಿಡ್ಡಮ್ಮ! ನಮ್ಮನೆಯವಳು ನಿಮ್ಮ ಹತ್ರ ಬಿಟ್ಟು ಬೇರೆ ಯಾರ ಹತ್ರನೂ ತಗಳ್ತಿರ್ಲಿಲ್ಲ. ಅವಳು ಹೋಗಿ ನಾಲ್ಕು ವರ್ಷ ಆಯ್ತು."

"ಮೂಲೆ ಮನೆ ಅಮ್ಮಾರಾ? ಮಲ್ಲಿಗೆ ಚಪ್ಪರ ಇದ್ದ ಮನೆ? ಅಯ್ಯೋ, ನಂಗೆ ದಿನಾ ಟೀ ಕೊಡ್ತಿದ್ರು. ಮಳೆಗಾಲದಲ್ಲಿ ಒಲೆ ಹತ್ರ ಕೂರಿಸ್ಕಂಡು ಸೀರೆ ಒಣಗೋವರ್ಗೂ ಎದ್ದೇಳಕ್ಕೆ ಬಿಡ್ತಿರ್ಲಿಲ್ಲ."

ಆ ಮಲ್ಲಿಗೆ ಚಪ್ಪರ ನನಗೂ ನೆನಪಿತ್ತು. ಅಲ್ಲಿ ಈಗ ಲಂಟಾನದ ಮುಳ್ಳುಪೊದೆ ಬೆಳೆದಿದೆ.

"ಈಗ ಮನೇಲಿ ಯಾರಿದಾರೆ?" ಎಂದು ಕೇಳಿದರು ಶಾಂತವೀರಪ್ಪನವರು.

"ಮಗಳು, ಅಳಿಯ. ಒಬ್ಳು ಮೊಮ್ಮಗಳು."

"ಮೊಮ್ಮಗಳು ಎಂತ ಮಾಡ್ತಾಳೆ?"

ನೀಲಿ ಕೋಟಿನ ತಲೆ ಒಂಚೂರು ಈ ಕಡೆ ವಾಲಿದ್ದನ್ನು ನಾನು ನೋಡಿದೆ.

"ಅದು... ಗಾಡಿ ಕೆಲ್ಸ."

"ಎಂತ ಗಾಡಿ?"

"ಜನ ಹತ್ತಿಸದು, ಇಳಿಸದು."

"ಓ, ಬಸ್ ಕಂಡಕ್ಟರಾ? ಈಗ ಹೆಣ್ಮಕ್ಕಳೂ ತುಂಬ ಜನ ಇದಾರೆ ಬಿಡಿ."

"ಹ್ಞೂಂ, ಹಂಗೇ ಅನ್ಕಳಿ."

ಮುಂದೆ ಪುಟ್ಟ ಸೀಟಿನಲ್ಲಿ ಬಸ್ ಕಂಡಕ್ಟರು ತುಟಿ ಕಚ್ಚಿಕೊಂಡು ಕೂತಿದ್ದಳು.

ಎರಡನೇ ಸಲ ಇಳಿಯುವಾಗ ಮಳೆ ಕಿಟಕಿಗೆ ಅಡ್ಡಡ್ಡ ಹೊಡೆಯುತ್ತಿತ್ತು. ವಿಮಾನ ಎಡಕ್ಕೆ ವಾಲುವುದು, ನೆಟ್ಟಗಾಗುವುದು, ಮತ್ತೆ ಎಡಕ್ಕೇ ವಾಲುವುದು. ನಾನು ಗಿಡ್ಡಮ್ಮನ ಮೇಲಿಂದ ಕಿಟಕಿಯಲ್ಲಿ ನೋಡಿದೆ. ಎಡಗಡೆ ಕೆಳಗೆ ಹಸಿರು ಕಮರಿ, ಅದರ ಬಾಯಿ ಅಗಲವಾಗುತ್ತಿತ್ತು. ಕೆಂಪು ಮಣ್ಣಿನ ಅಂಚು ಹಾದು ಹೋಯಿತು. ಒದ್ದೆ ಕೆಂಪು ಮಣ್ಣು, ಪಕ್ಕದಲ್ಲಿ ಹಳ್ಳ. ಅಷ್ಟರಲ್ಲಿ ಗಾಳಿ ಒಂದು ಗುದ್ದು ಕೊಟ್ಟಿತು, ರೆಕ್ಕೆ ಹಳ್ಳದ ಕಡೆಗೆ ಇಳಿಯಿತು.

"ಗುಡ್ಡಕ್ಕೇ!"

ಗಿಡ್ಡಮ್ಮ ಬೆಲ್ಟು ಬಿಡಿಸಿಕೊಂಡು ಅರ್ಧ ಎದ್ದಿದ್ದಳು. ನನ್ನ ಭುಜ ಹಿಡಿದು ಬಲಕ್ಕೆ ನೂಕಿದಳು. ನೂಕುವ ಅಗತ್ಯವೇ ಇರಲಿಲ್ಲ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ತಾನಾಗಿ ವಾಲಿತ್ತು. ರುಕ್ಮಿಣಮ್ಮ ವಾಲಿ ಶಾಂತವೀರಪ್ಪನವರನ್ನು ಕಿಟಕಿಗೆ ಒತ್ತಿಬಿಟ್ಟಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಿಂದಿನವರು ಇದನ್ನು ನೋಡಿದರು. ವಿಮಾನದವರೇ ಹೀಗೆ ಮಾಡಲು ಹೇಳಿದ್ದಾರೆಂದು ತಿಳಿದರೋ ಏನೋ, ಅವರೂ ಬಲಕ್ಕೆ ವಾಲತೊಡಗಿದರು. ಬೆಲ್ಟು ಬಿಡಿಸುವ ಟಕ್ ಟಕ್ ಸದ್ದು. ಕೂಸಿನ ತಾಯಿ ಕೂಸನ್ನು ಎತ್ತಿಕೊಂಡು ಎದ್ದಳು. ಒಬ್ಬ ಗಂಡಸು ನಡುವಿನ ದಾರಿಗೇ ಬಂದು ನಿಂತುಬಿಟ್ಟ.

"ದಯವಿಟ್ಟು ಕುಳಿತುಕೊಳ್ಳಿ, ದಯವಿಟ್ಟು ನಿಮ್ಮ ಸೀಟ್ ಬೆಲ್ಟ್..." ಎಂದು ಧನ್ಯಶ್ರೀ ಕಲಿತ ಹಾಗೆ ಹೇಳಿದಳು. ಫ್ಯಾನಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಅಜ್ಜಿಯನ್ನು ನೋಡಿದಳು. ಮುಂದೆ ಕೂತಿದ್ದ ಮೇಡಮ್ಮನ್ನು ನೋಡಿದಳು. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡಳು.

"ಅಜ್ಜೀ! ಕೂತ್ಕಾ! ಈ ಗಾಡೀಲಿ ಕೂಗೋಳು ನಾನು! ಬೆಲ್ಟ್ ಹಾಕ್ಕಳಿ ಎಲ್ರೂ! ಕೂರಿ! ಕೂರಿ! ಕೂರಿ!"

ನನ್ನ ಮೈಮೇಲೆ ಮುಳ್ಳೆದ್ದವು. ಅದೇ ಕೂಗು. ಗಿಡ್ಡಮ್ಮನ ಗಂಟಲಿಂದ ಕಿತ್ತು ಆ ಹುಡುಗಿಯ ಗಂಟಲಲ್ಲಿ ಇಟ್ಟ ಹಾಗಿತ್ತು. ನಡುವಿನ ದಾರಿಯಲ್ಲಿದ್ದವನು ಇದ್ದಲ್ಲೇ ಖಾಲಿ ಸೀಟಿಗೆ ಬಿದ್ದ. ಕೂಸಿನ ತಾಯಿ ಕೂತಳು. ಟಕ್ ಟಕ್ ಎಂದು ಬೆಲ್ಟುಗಳು ಸಿಕ್ಕಿಕೊಂಡವು. ಗಿಡ್ಡಮ್ಮ ಮಾತ್ರ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದಳು. ಅವಳನ್ನು ಗಾಡಿಯೊಳಗೆ ಯಾರೂ ಅಷ್ಟು ಜೋರು ಮಾಡಿದ್ದಿಲ್ಲ. ಆಮೇಲೆ ಶಾಲೆಯ ಮಗುವಿನ ಹಾಗೆ ಪಟ್ಟನೆ ಕೂತಳು. ಬೆಲ್ಟು ನಾನೇ ಹಾಕಿದೆ.

ಒಂದು ಕಡೆಯ ಚಕ್ರ ನೆಲಕ್ಕೆ ಗುದ್ದಿತು. ಆಮೇಲೆ ಇನ್ನೊಂದು. ನೀರು ಎರಡೂ ಕಡೆ ಎದ್ದು ಕಿಟಕಿ ಮುಚ್ಚಿಹೋಯಿತು. ವಿಮಾನ ನಡುಗುತ್ತ ನಡುಗುತ್ತ ಓಡಿ, ಮೆಲ್ಲಗಾಗಿ, ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಶಾಂತವೀರಪ್ಪನವರು ವಾಲಿಹೋಗಿದ್ದ ಕನ್ನಡಕ ಸರಿಮಾಡಿಕೊಂಡು, "ಕಂಡಕ್ಟರು ಜೋರಿದಾರೆ" ಎಂದರು. ನಮಗ್ಯಾರಿಗೂ ನಗು ಬರಲಿಲ್ಲ. ಅಜ್ಜೀ ಎಂದು ಅವಳು ಕೂಗಿದ್ದು ಆ ಮೇಡಮ್ಮನ ತಲೆಯ ಮೇಲಿಂದಲೇ ಹಾದು ಬಂದಿತ್ತು.

ಇಳಿಯುವಾಗ ನಾವು ಕೊನೆಗೆ ಉಳಿದೆವು. ಬಾಗಿಲಲ್ಲಿ ಧನ್ಯಶ್ರೀ ಕೈ ಮುಗಿದು ನಿಂತಿದ್ದಳು, ಪಕ್ಕದಲ್ಲಿ ಮೇಡಂ. ಗಿಡ್ಡಮ್ಮ ತಲೆ ಎತ್ತದೆ, "ಬರ್ತೀನಿ ಮೇಡಂ" ಎಂದು ದಾಟಲು ನೋಡಿದಳು.

"ಒಂದು ನಿಮಿಷ" ಎಂದರು ಮೇಡಂ. "ಇವರು ನಿನಗೆ ಏನಾಗಬೇಕು?"

ಕೇಳಿದ್ದು ಧನ್ಯಶ್ರೀಯನ್ನು. ಉತ್ತರ ಕೊಟ್ಟವಳು ಗಿಡ್ಡಮ್ಮ. "ಯಾರೂ ಅಲ್ಲ ಮೇಡಂ. ನಾನು ಗುಡ್ಡದವಳು, ಹೆದ್ರಿ ಬಡ್ಕಂಡೆ. ವಯಸ್ಸಾದವ್ರಿಗೆ ಯಾರಾದ್ರೂ ಅಜ್ಜಿ ಅಂತಾರೆ. ಈ ಹುಡುಗೀನ ನಾನು ಹಿಂದೆ ನೋಡೇ ಇಲ್ಲ. ಕಳಸೇಶ್..."

"ಅಜ್ಜಿ, ಸಾಕು" ಎಂದಳು ಧನ್ಯಶ್ರೀ. "ನನ್ನ ಅಜ್ಜಿ ಮೇಡಂ. ಅಮ್ಮನ ಅಮ್ಮ. ಇವರಿಬ್ರೂ ನಮ್ಮೂರವರು. ನಾನೇ ಕರ್ಕೊಂಡು ಬಂದಿದ್ದು."

ಮಳೆ ಇರಚಲು ಒಳಗೆ ಬರುತ್ತಿತ್ತು. ಮೇಡಂ ಗಿಡ್ಡಮ್ಮನನ್ನು ಒಮ್ಮೆ, ಮೊಮ್ಮಗಳನ್ನು ಒಮ್ಮೆ ನೋಡಿದರು.

"ಮೊದಲೇ ಹೇಳಬೇಕಿತ್ತು" ಎಂದರು, ಅಷ್ಟೇ.

ಹೊರಗೆ ಅಳಿಯ ಯೋಗೇಶ ಓಮ್ನಿ ತಂದು ಕಾಯುತ್ತಿದ್ದ. "ಹೆಂಗಿತ್ತು ಅತ್ತೆ ವಿಮಾನ?" ಎಂದ. ರುಕ್ಮಿಣಮ್ಮ ಚೀಲ ಅವನ ಕೈಗೆ ಕೊಟ್ಟು ಹಿಂದಿನ ಸೀಟಿಗೆ ಹತ್ತಿದಳು. ಧನ್ಯಶ್ರೀ ಅದೇ ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ಹೋಗಬೇಕಿತ್ತು. ಹೊರಡುವ ಮುಂಚೆ ಅಪ್ಪನ ಫೋನಿಗೆ ಮಾತಾಡಿದಳು. ಮೇಡಂ ಪಾಸು ಮಾಡಲಿಲ್ಲ, ತೆಗೆದೂ ಹಾಕಲಿಲ್ಲ. ಇನ್ನೊಂದು ದಿನ, ಗುರುತಿನವರು ಯಾರೂ ಇಲ್ಲದ ವಿಮಾನದಲ್ಲಿ, ಮತ್ತೆ ಪರೀಕ್ಷೆ. ಅದರಲ್ಲಿ ಆಗದಿದ್ದರೆ ಮುಗಿಯಿತು.

ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತುವವರೆಗೂ ಗಿಡ್ಡಮ್ಮ ತುಟಿ ಬಿಚ್ಚಲಿಲ್ಲ. ಕುದುರೆಮುಖದ ಹತ್ತಿರ ಮಾತ್ರ, "ಯೋಗೇಶ, ಇಲ್ಲಿ ಒಂಚೂರು ನಿಲ್ಸು" ಎಂದಳು.

"ನಿಲ್ಲಿಸೋ ಹಂಗಿಲ್ಲ ಅತ್ತೆ. ಚೆಕ್‌ಪೋಸ್ಟಲ್ಲಿ ಕಾಡು ದಾಟಕ್ಕೆ ತಗಂಡ ಟೈಮ್ ನೋಡ್ತಾರೆ." ಆದರೂ ಅವನು ಗಾಡಿಯನ್ನು ನಡೆಯುವಷ್ಟು ನಿಧಾನ ಮಾಡಿದ.

ಮಂಜಿನಲ್ಲಿ ಕ್ವಾರ್ಟರ್ಸುಗಳು ಸಾಲಾಗಿ ನಿಂತಿದ್ದವು. ಕಿಟಕಿಗಳಿಗೆ ಗಾಜಿಲ್ಲ. ಒಂದು ಮನೆಯ ಮುಂದೆ ಯಾರೋ ನೆಟ್ಟ ದಾಸವಾಳ ಸೂರಿನಷ್ಟು ಎತ್ತರ ಬೆಳೆದು, ನೋಡುವವರಿಲ್ಲದೆ ಮೈತುಂಬ ಹೂ ಬಿಟ್ಟಿತ್ತು. ಜೀಪುಗಳು ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು. ಒಂದು ಕಾಲದಲ್ಲಿ ಅಲ್ಲಿ ಸಂಜೆ ಐದಾರು ಜೀಪಿನವರು ಒಟ್ಟಿಗೆ ಕಳಸ, ಸಂಸೆ ಎಂದು ಕೂಗುತ್ತಿದ್ದರು. ಅವರಲ್ಲಿ ಗುರುವಯ್ಯ ಕೂಗುತ್ತಿರಲಿಲ್ಲ, ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತ ನಿಂತಿರುತ್ತಿದ್ದ. ಹೆಂಡತಿ ಕೂಗುತ್ತಿದ್ದಳಲ್ಲ, ಅವನ ಜೀಪೇ ಮೊದಲು ತುಂಬುತ್ತಿತ್ತು.

"ಆ ಮಗೂದು ಕೆಲ್ಸ ನಾನೇ ತಿಂದೆ ಕಣೇ" ಎಂದಳು ಗಿಡ್ಡಮ್ಮ ನನ್ನ ಕಡೆ ತಿರುಗಿ.

"ಬೇಕಂತ ಮಾಡಿದ್ಯಾ? ನಾನೂ ವಾಲಿದ್ನಲ್ಲ."

"ನೀವೆಲ್ಲ ವಾಲಿದ್ರಿ ಅಂತನೇ ಬೇಜಾರು. ಇನ್ನೂ ನಾನು ಕೂಗಿದ್ರೆ ವಾಲ್ತೀರಲ್ಲ. ನಂಗೆ ಅಲ್ಲಿ ಚಕ್ರ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ."

ರುಕ್ಮಿಣಮ್ಮ ಹಿಂದಿನ ಸೀಟಿನಿಂದ ಹೇಳಿದಳು, "ಅವಳು ಕೂಗಿದ್ಮೇಲೆ ಎಲ್ರೂ ಕೂತ್ರಲ್ಲ, ಅದನ್ನ ನೋಡು. ಪೂರ್ತಿ ವಿಮಾನ ಕೂತ್ಕಂತು. ನಿನ್ನ ಕಾಲ್ದಲ್ಲೂ ಅಷ್ಟು ಜನ ಇರ್ಲಿಲ್ಲ ಜೀಪಲ್ಲಿ."

ಸಂಸೆ ಬರುವವರೆಗೂ ಗಿಡ್ಡಮ್ಮ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು ಅನ್ನಿಸುತ್ತದೆ. ಇಳಿಯುವಾಗ, "ಎಷ್ಟು ಜನ ಇದ್ರೇ ಒಳಗೆ?" ಎಂದು ಮೆಲ್ಲಗೆ ನನ್ನನ್ನು ಕೇಳಿದಳು.

ಆಮೇಲಿನ ದಿನಗಳಲ್ಲಿ ಅವಳು ಮಾತು ಕಡಿಮೆ ಮಾಡಿದಳು. ಮಳೆ ಹಿಡಿದುಕೊಂಡಿತು. ಗಾಳಿ ಜೋರಾದಾಗಲೆಲ್ಲ ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದಳು. ಮೊದಲು ಗಾಳಿ ಬಂದರೆ ಸಿಲ್ವರ್ ಮರ ಮುರಿಯುತ್ತದೆಂದು ನೋಡುತ್ತಿದ್ದವಳು, ಈಗ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದಳು. ಮೊಮ್ಮಗಳಿಗೆ ತಾನಾಗಿ ಫೋನು ಮಾಡಲಿಲ್ಲ. "ನನ್ನ ದನಿ ಕೇಳಿದ್ರೆ ಅದಕ್ಕೆ ಕೈ ನಡುಗುತ್ತೆ. ಬ್ಯಾಡ" ಎಂದಳು.

ಒಂದು ಸಂಜೆ ಅವಳ ಜಗಲಿಯಲ್ಲಿ ನಾವಿಬ್ಬರೂ ಎಳೆ ಬಿದಿರಿನ ಕಳಲೆ ಹೆಚ್ಚುತ್ತಿದ್ದೆವು. ಒಳಗಿನಿಂದ ಪ್ರೇಮಲತಾ ಫೋನು ಹಿಡಿದು ಓಡಿ ಬಂದು ಅವಳ ಕಿವಿಗೇ ಹಿಡಿದಳು.

"ಅಜ್ಜಿ, ಪಾಸು!" ಎಂದದ್ದು ನನಗೂ ಕೇಳಿಸಿತು.

ಗಿಡ್ಡಮ್ಮ ಕತ್ತಿ ಕೆಳಗಿಟ್ಟಳು. ಕೈ ಸೆರಗಿಗೆ ಒರೆಸಿಕೊಂಡು ಫೋನು ತಗೊಂಡಳು. ಸಂತೋಷ ಅಂತಲೂ ಹೇಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ.

"ಗಾಳಿ ಇತ್ತಾ?" ಎಂದಳು.

"ಇತ್ತು. ಅವತ್ತಿಗಿಂತ ಜಾಸ್ತಿ."

"ಯಾರಾದ್ರೂ ಎದ್ರಾ?"

"ಒಬ್ರು ಅಜ್ಜ ಎದ್ದಿದ್ರು."

"ಬೈದ್ಯಾ?"

"ಇಲ್ಲಪ್ಪ. ಕೂರ್ಸಿದೆ. ಚಕ್ರ ನೆಲ ಮುಟ್ಟೋವರ್ಗೂ ನನ್ನ ಮುಖಾನೇ ನೋಡ್ತಿದ್ರು ಅಜ್ಜಿ, ಕಣ್ಣು ಆಚೆ ಈಚೆ ಮಾಡ್ಲಿಲ್ಲ."

"ಹ್ಞೂಂ. ನೋಡ್ತಾರೆ." ಗಿಡ್ಡಮ್ಮ ಫೋನು ಕಿವಿಗೆ ಒತ್ತಿಕೊಂಡು ಗುಡ್ಡದ ಕಡೆ ನೋಡಿದಳು. ಆ ಕಡೆಯಿಂದ ಹುಡುಗಿ, ಅಜ್ಜಿ ಇದೀಯಾ, ಲೈನಲ್ಲಿ ಇದೀಯಾ ಎಂದು ಕೇಳುತ್ತಿತ್ತು.

"ಇದೀನಿ ಮಗಾ. ದಿನಾ ಬಿಸಿನೀರು ಕುಡಿ. ಐಸ್ ನೀರು ಮುಟ್ಬ್ಯಾಡ. ನಮ್ಮ ಕೆಲ್ಸದಲ್ಲಿ ಗಂಟ್ಲೇ ಮೊದ್ಲು ಹೋಗದು."